ಬಿಸಿಲಿಗೆ ಹಿಡಿದು ನೋಡಿದ ಟೀವಿ

ನಮ್ಮ ಮನೆಯ ಹಜಾರಕ್ಕೆ ಮೊದಲ ಸಲ ಬಂದವರು ಮಾಡುವ ಮೊದಲ ಕೆಲಸವೆಂದರೆ ಕಣ್ಣು ಕಿರಿದು ಮಾಡಿಕೊಳ್ಳುವುದು. ಆಮೇಲೆ "ಏನ್ ಬೆಳಕು ಸಾರ್ ನಿಮ್ಮನೇಲಿ!" ಎನ್ನುತ್ತಾರೆ. ಕಾಫಿ ಕುಡಿಯುತ್ತ ಎದುರಿನ ಗೋಡೆಯ ಕಡೆ ನೋಡಿ, "ಟೀವಿ ಕೆಟ್ಟೋಗಿದೆಯಾ?" ಎಂದು ಕನಿಕರದಿಂದ ಕೇಳುತ್ತಾರೆ. ಕೆಟ್ಟಿಲ್ಲ ಸ್ವಾಮಿ, ಓಡುತ್ತಾ ಇದೆ. ಸುದ್ದಿ ಓದುವವರು ಅದರೊಳಗೆ ಕೂತು ಗಂಟಲು ಹರಿದುಕೊಳ್ಳುತ್ತಲೇ ಇದ್ದಾರೆ. ಬೆಳಗಿನ ಹೊತ್ತು ಅವರ ಮುಖ ಕಾಣುವುದಿಲ್ಲ, ಅಷ್ಟೆ.

ಹೊಳೆನರಸೀಪುರದಲ್ಲಿ ಈ ಮನೆ ಕಟ್ಟಿಸುವಾಗ ನಮ್ಮ ಅವ್ವ ಕೇಳಿದ್ದು ಒಂದೇ ಒಂದು. "ನಂಗೆ ದೊಡ್ಡ ಅಡ್ಗೆಮನೆ ಬ್ಯಾಡ, ದೊಡ್ಡ ದೇವ್ರಮನೆ ಬ್ಯಾಡ. ಒಸಿ ಬೆಳಕು ಬರಂಗೆ ಕಟ್ಸಪ್ಪ, ಸಾಕು." ಹಳ್ಳಿಮೈಸೂರಿನ ನಮ್ಮ ಹಳೆಯ ಮನೆಯಲ್ಲಿ ನಲವತ್ತು ವರ್ಷ ಮುದ್ದೆ ತೊಳಸಿದವಳು ಅವಳು. ಆ ಅಡುಗೆಮನೆಗೆ ಬೆಳಕು ಬರುತ್ತಿದ್ದುದು ಹೆಂಚುಗಳ ನಡುವೆ ಕೂರಿಸಿದ್ದ ಒಂದೇ ಒಂದು ಗಾಜಿನ ಹೆಂಚಿನಿಂದ. ಅದರಿಂದ ಇಳಿದ ಬಿಸಿಲಿನ ಕೋಲು ಒಲೆಯ ಪಕ್ಕದಲ್ಲಿದ್ದರೆ ಹನ್ನೊಂದು ಗಂಟೆ, ಒರಳಿನ ಮೇಲೆ ಬಂದರೆ ಊಟದ ಹೊತ್ತು. ಮಳೆಗಾಲದಲ್ಲಿ ಅದೂ ಇಲ್ಲದೆ ನಾವು ಹಸಿವಾದಾಗ ಉಣ್ಣುತ್ತಿದ್ದೆವು.

ನಾನು ಅರಕಲಗೂಡಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ನನಗೂ ಬೆಳಕಿನ ಹುಚ್ಚು. ಅವ್ವ 'ಒಸಿ' ಎಂದದ್ದನ್ನು ನಾನು ಭಾರೀ ಮಾಡಿ, ಪೂರ್ವದ ರಸ್ತೆಯ ಕಡೆಗೆ ಗೋಡೆಯಗಲದ ಕಿಟಕಿ ಇಡಿಸಿದೆ. ಮೇಸ್ತ್ರಿ ತಲೆ ಕೆರೆದುಕೊಂಡು, "ಸಾ, ಇದು ಮನೇನಾ, ಬಸ್‌ಸ್ಟ್ಯಾಂಡಾ?" ಎಂದ. ನಾನು ಕಲಾವಿದನ ಗತ್ತಿನಿಂದ ನಕ್ಕೆ. ಟೀವಿಗೆ ಮಾತ್ರ ಆ ಕಿಟಕಿಯ ನೇರ ಎದುರಿನ ಗೋಡೆಯೇ ಸಿಕ್ಕಿತು. ಪ್ಲಗ್ ಪಾಯಿಂಟು ಅಲ್ಲೇ ಇತ್ತು. ಬೆಳಕು ಎಲ್ಲಿಂದ ಬರುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ಅದು ಹೋಗಿ ಎಲ್ಲಿ ಬೀಳುತ್ತದೆ ಎಂಬುದನ್ನು ಯೋಚಿಸಲೇ ಇಲ್ಲ.

ಟೀವಿಗೆ ಕತ್ತಲೆ ಬೇಕೆಂಬುದು ನನಗೆ ಹರೆಯದಿಂದಲೂ ಗೊತ್ತಿರಬೇಕಾಗಿತ್ತು. ನಮ್ಮೂರಿಗೆ ಮೊದಲ ಟೀವಿ ಬಂದಾಗ, ಆ ಮನೆಯ ಯಜಮಾನರು ಭಾನುವಾರ ಬಾಗಿಲು ಹಾಕಿಸಿ, ಕಿಟಕಿಗೆ ಗೋಣಿತಾಟು ತುರುಕಿಸಿ, ಅರ್ಧ ಊರನ್ನು ಒಳಗೆ ಕೂರಿಸಿಕೊಳ್ಳುತ್ತಿದ್ದರು. ಬೆವರು, ಬೀಡಿ, ಎಳೆಮಕ್ಕಳ ಉಚ್ಚೆ, ಎಲ್ಲದರ ವಾಸನೆಯೂ ಸೇರಿ ಅದಕ್ಕೊಂದು ಮಹಿಮೆ ಬಂದಿತ್ತು. ಕಪ್ಪುಬಿಳುಪು ಟೀವಿಗೆ ಅವರು ಮೂರು ಬಣ್ಣದ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಮೇಲೆ ನೀಲಿ, ನಡುವೆ ಕೆಂಪು, ಕೆಳಗೆ ಹಸಿರು. ಯಾರು ಬಂದರೂ ತಲೆ ನೀಲಿ, ಕಾಲು ಹಸಿರು. ಅದನ್ನೇ ನಾವು ಕಲರ್ ಟೀವಿ ಎಂದು ಪಕ್ಕದೂರಿನವರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆವು.

ಇರಲಿ. ಈಗ ನನ್ನ ಹೆಂಡತಿ ಸುಮಿತ್ರ, ಕಿಟಕಿಗೆ ದಪ್ಪನೆಯ ಪರದೆ ಹಾಕಿಸಿದರೆ ಮುಗಿಯಿತು ಎಂದಳು. ಅವ್ವ ಕೇಳಿಸಿಕೊಂಡು ಒಳಗಿನಿಂದಲೇ ಕೂಗಿದಳು: "ಪಡ್ದೆ ಆಕ್ಸಾದಾದ್ರೆ ನನ್ನ ವಾಪಸ್ಸು ಅಳ್ಳಿಮೈಸೂರ್‌ಗೇ ಬುಟ್ಬುಟ್ಟು ಬನ್ನಿ." ಅಲ್ಲಿಗೆ ಪರದೆಯ ಮಾತು ಮುಗಿಯಿತು.

ಇಲ್ಲಿ ಒಂದು ವಿಷಯ ನಿಮಗೆ ನೇರವಾಗಿ ಹೇಳಿಬಿಡಬೇಕು. ಅವ್ವನಿಗೂ ಅವಳ ಒಬ್ಬಳೇ ತಂಗಿ ಸಾಕಮ್ಮನಿಗೂ ಈ ಮನೆಗೆ ಬಂದಾಗಿನಿಂದ, ಎಂದರೆ ಐದು ವರ್ಷದಿಂದ, ಮಾತಿರಲಿಲ್ಲ. ಸಾಕಮ್ಮ ಚಿಕ್ಕವ್ವನ ಮನೆ ಇರುವುದು ನಮ್ಮದೇ ರಸ್ತೆಯ ಕೊನೆಯಲ್ಲಿ. ಆ ಮಾತು ನಿಂತದ್ದರಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಹೇಳಬೇಕಾದರೆ ಚನ್ನರಾಯಪಟ್ಟಣದ ಬಟ್ಟೆ ಅಂಗಡಿಗೆ ಹೋಗಬೇಕು.

ಅವರಿಬ್ಬರ ತವರು ಬಾಗೂರು. ನಾನು ಹುಡುಗನಾಗಿದ್ದಾಗ, ಹಬ್ಬಕ್ಕೆ ಮುಂಚೆ ಅಕ್ಕತಂಗಿಯರು ನನ್ನನ್ನೂ ಎಳೆದುಕೊಂಡು ಪಟ್ಟಣಕ್ಕೆ ಸೀರೆ ತರಲು ಹೋಗುತ್ತಿದ್ದರು. ಅಂಗಡಿಯೊಳಗೆ ಸೀರೆ ಆರಿಸುವುದು ಅರ್ಧ ಕೆಲಸ. ಉಳಿದರ್ಧ ಬೀದಿಯಲ್ಲಿ. ಅವ್ವ ಒಂದು ತುದಿ, ಚಿಕ್ಕವ್ವ ಇನ್ನೊಂದು ತುದಿ ಹಿಡಿದು ಸೀರೆಯನ್ನು ನಡುಬೀದಿಗೆ ತಂದು ಬಿಸಿಲಿಗೆ ಹರಡಿ ನಿಲ್ಲುತ್ತಿದ್ದರು. ಎತ್ತಿನಗಾಡಿಯವರು ಗಾಡಿ ನಿಲ್ಲಿಸಿ, "ಆಯ್ತಾ ತಾಯೀ?" ಎಂದು ಕೇಳಬೇಕು. ಅಂಗಡಿಯ ಯಜಮಾನರು ಗಲ್ಲಾದ ಹಿಂದಿನಿಂದ, "ಅಮ್ಮಾವ್ರೇ, ಬಣ್ಣಕ್ಕೆ ನಾನು ಗ್ಯಾರಂಟಿ" ಎಂದರೆ, ಚಿಕ್ಕವ್ವ, "ನಿಮ್ ಗ್ಯಾರಂಟಿ ನಿಮ್ ಟೂಬ್‌ಲೈಟಿನ ಕೆಳಗೆ ಇರ್ಲಿ ಬುಡಿ ಯಜಮಾನ್ರೇ" ಎನ್ನುತ್ತಿದ್ದಳು. ಒಳಗೆ ಗಿಳಿಹಸಿರಾಗಿದ್ದದ್ದು ಹೊರಗೆ ಪಾಚಿಯಾಗುತ್ತಿತ್ತು. ಒಳಗಿನ ಗುಲಾಬಿ ಹೊರಗೆ ಬಂದು ಇಟ್ಟಿಗೆಯಾಗುತ್ತಿತ್ತು. ನನ್ನ ಸ್ಕೂಲಿನ ಚಡ್ಡಿಯ ಬಟ್ಟೆಗೂ ಇದೇ ಪರೀಕ್ಷೆ. ನಾನು ಬಣ್ಣದ ಮೇಷ್ಟ್ರಾಗಿದ್ದಕ್ಕೆ ಕಾಲೇಜಿಗಿಂತ ಆ ಬೀದಿಯೇ ಕಾರಣ ಎಂದು ಅನೇಕ ಸಲ ಅನ್ನಿಸಿದೆ.

ನಮ್ಮ ಮನೆ ಒಕ್ಕಲಿನ ದಿನ ಚಿಕ್ಕವ್ವ ಅಕ್ಕನಿಗೆ ಮುಯ್ಯಿ ಎಂದು ಒಂದು ಸೀರೆ ತಂದಳು. ಅವ್ವ ವಾಡಿಕೆಯಂತೆ ಅದನ್ನು ಬಿಡಿಸಿಕೊಂಡು ಆ ಹೊಸ ಕಿಟಕಿಯ ಹತ್ತಿರ ಹೋಗಿ ಬಿಸಿಲಿಗೆ ಹಿಡಿದಳು. ಮುಖ ಸಪ್ಪಗಾಯಿತು.

"ಕರೀ ಸೀರೆ ತಂದಿದ್ದೀಯಲ್ಲೇ ಸಾಕಿ. ಗಂಡ ಸತ್ತೋಳ್ಗೆ ಇದೇ ಸಾಕು ಅಂತಾನಾ?"

"ಅಯ್ಯೋ, ಕರೀದಲ್ಲ ಕಣಕ್ಕಾ! ಕಡುನೀಲಿ ಅದು."

"ಬಿಸ್ಲಲ್ಲಿ ಇಡ್ಕಂಡು ನೋಡ್ತಾ ಇವ್ನಿ. ಬಿಸ್ಲು ಸುಳ್ಳು ಯೋಳ್ತದಾ, ನೀನು ಯೋಳ್ತೀಯಾ?"

ನೆಂಟರು ದೂರದಿಂದ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಚಿಕ್ಕವ್ವನ ಕಣ್ಣಲ್ಲಿ ನೀರು ಬಂತು. ಅವಳು ನನ್ನ ಕಡೆ ತಿರುಗಿದಳು. "ಲೇ ಶಿವಣ್ಣ, ನೀನೇ ಯೋಳಪ್ಪ. ಡ್ರಾಯಿಂಗ್ ಮೇಷ್ಟ್ರು ನೀನು. ಇದ್ಯಾವ ಬಣ್ಣ?"

ನಾನು ನೋಡಿದೆ. ನೀಲಿ. ನಮ್ಮ ಬಣ್ಣದ ಟ್ಯೂಬಿನ ಮೇಲೆ ಪ್ರಷ್ಯನ್ ನೀಲಿ ಎಂದು ಬರೆದಿರುತ್ತದಲ್ಲ, ಅದೇ. ಅನುಮಾನವೇ ಇರಲಿಲ್ಲ. ಆದರೆ ಅವ್ವ ನನ್ನನ್ನೇ ನೋಡುತ್ತಿದ್ದಳು. ಈ ವಯಸ್ಸಿನಲ್ಲೂ ಅವ್ವ ಹಾಗೆ ನೋಡಿದರೆ ನನ್ನ ನಾಲಿಗೆ ಒಳಕ್ಕೆ ಹೋಗುತ್ತದೆ. ನಾನು ಗಂಟಲು ಸರಿಮಾಡಿಕೊಂಡು, "ಬಣ್ಣ ಅನ್ನೋದು ಬೆಳಕಿನ ಮೇಲೆ ನಿಂತಿರ್ತದೆ ಚಿಕ್ಕವ್ವ" ಎಂದೆ. ಮೂವತ್ತು ವರ್ಷದ ವಿದ್ಯೆಯನ್ನೆಲ್ಲ ಆ ಒಂದು ಸುಳ್ಳಿಗೆ ಖರ್ಚು ಮಾಡಿದೆ.

ಚಿಕ್ಕವ್ವ ಎಲೆಯ ಮುಂದೆ ಕೂರದೆ ಎದ್ದು ಹೋದಳು. ಅವ್ವ ಸೀರೆಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಅಡುಗೆಯವರ ಹಿಂದೆ ಓಡಾಡುತ್ತಿದ್ದ ಸುಮಿತ್ರ ಅದನ್ನು ನೋಡಲೇ ಇಲ್ಲ. ಮಾರನೆಯ ದಿನ ಅವ್ವ ತನ್ನ ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ತಿರುಗಿಸಿ ಹಾಕಿಕೊಂಡಳು. ಚಿಕ್ಕವ್ವ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ದಿನಾ ಎಂಟು ಗಂಟೆಗೆ ನಮ್ಮ ಮನೆಯ ಮುಂದೆಯೇ ವಾಪಸು ಹೋಗುತ್ತಾಳೆ. "ಅವ್ಳ ಮಕ ನಾನು ನೋಡಾಕಿಲ್ಲ" ಎಂದು ಅವ್ವ ಹೇಳಿದ್ದಳು. ನೋಡಲೂ ಇಲ್ಲ.

ಹೋದ ವರ್ಷ ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಪ್ಪು ಕನ್ನಡಕ ತೆಗೆದ ದಿನ ಅಂಗಳದಲ್ಲಿ ನಿಂತು ಮೇಲೆ ನೋಡಿದಳು. "ಆಕಾಸ ಇಷ್ಟೊಂದು ನೀಲಿ ಇತ್ತೇನ್ಲಾ?" ಎಂದಳು. ನನಗೆ ಟ್ರಂಕಿನ ತಳದ ಸೀರೆ ನೆನಪಾಯಿತು. ಪೊರೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ಬೆಳೆದಾಗ ನೀಲಿ ಕಪ್ಪಾಗಿ ಕಾಣುವುದುಂಟು ಎಂದು ಡಾಕ್ಟರು ಹೇಳಿದರು. ಮನೆ ಒಕ್ಕಲಿನ ದಿನ ಬಿಸಿಲು ಸುಳ್ಳು ಹೇಳಿರಲಿಲ್ಲ, ಚಿಕ್ಕವ್ವನೂ ಹೇಳಿರಲಿಲ್ಲ.

ಆಗಲಾದರೂ ಬಾಯಿಬಿಟ್ಟೆನೇ? ಇಲ್ಲ. ಈಗ ಹೇಳಿದರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾಳಲ್ಲ. ಹೇಳಬೇಕಾದ ಮಾತು ಹೇಳಲಾಗದವನು ಏನಾದರೂ ಸಾಮಾನು ತಂದುಕೊಡುತ್ತಾನೆ. ಅವ್ವನಿಗೆ ಹೊಸ ಕಣ್ಣು ಬಂದಿದೆ, ಹೊಸ ಟೀವಿ ತರೋಣ ಎಂದು ನಾನು ಹೊರಟೆ.

ಅದಕ್ಕೆ ಕಾರಣವೂ ಇತ್ತು. ಅವ್ವ ಬೆಳಗ್ಗೆ ಏಳೂವರೆಗೇ ಬಂದು, ಬಂದ್ ಮಾಡಿರುವ ಟೀವಿಯ ಮುಂದೆ ಕೂರುತ್ತಿದ್ದಳು. "ಹಾಕ್ಲಾ ಅವ್ವ?" ಎಂದರೆ, "ಬ್ಯಾಡ, ಏನೂ ಕಾಣಾಕಿಲ್ಲ, ಸುಮ್ನೆ ಕರೆಂಟು ದಂಡ" ಎನ್ನುತ್ತಿದ್ದಳು. ಪಾಪ, ಮುದುಕಿ ಬರೀ ಟೀವಿಯ ಮುಖ ನೋಡಿಕೊಂಡು ಕೂರುವ ಹಾಗಾಯಿತಲ್ಲ ಎಂದು ನಮ್ಮಿಬ್ಬರಿಗೂ ಸಂಕಟ. ನಾನು ಮೊಬೈಲಿನಲ್ಲಿ ಹುಡುಕಿ ಹುಡುಕಿ ಪಂಡಿತನಾದೆ. ಬೆಳಕಿನ ಕೋಣೆಗೆ ಎರಡು ಗುಣ ಬೇಕಂತೆ. ಚಿತ್ರ ತಾನೇ ಪ್ರಖರವಾಗಿರಬೇಕು, ಪರದೆ ಹೊಳೆಯದೆ ಮಾಸಲಾಗಿರಬೇಕು. ಅದಕ್ಕೆ ಮ್ಯಾಟ್ ಎನ್ನುತ್ತಾರೆ. ವಾರವಿಡೀ ಊಟಕ್ಕೆ ಕೂತಾಗಲೂ ಅದೇ ಉಪನ್ಯಾಸ. ಸುಮಿತ್ರ ಕೊನೆಗೆ, "ರೀ, ಅನ್ನಕ್ಕೆ ಸಾರು ಹಾಕ್ಕೊಳ್ಳಿ, ಅದನ್ನೂ ಮ್ಯಾಟಾಗೇ ತಿಂತೀರಾ?" ಎಂದಳು.

ಒಂದು ಶನಿವಾರ ಮೂವರೂ ಹಾಸನಕ್ಕೆ ಹೋದೆವು. ಅಂಗಡಿಯೊಳಗೆ ಗವಿಯ ಹಾಗೆ ಮಬ್ಬು. ಗೋಡೆಯ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ಹೂವು ಅರಳುತ್ತಿತ್ತು, ಒಂದೇ ಮೀನು ಈಜುತ್ತಿತ್ತು. ಎಲ್ಲವೂ ಚೆನ್ನಾಗಿಯೇ ಕಂಡವು. ತೋರಿಸುತ್ತಿದ್ದವನು ದುದ್ದದ ಕಡೆಯವನು, ನಲವತ್ತು ದಾಟಿದ ಶಾಂತ ಮನುಷ್ಯ. ನಾನು ನನ್ನ ಪಾಂಡಿತ್ಯವನ್ನೆಲ್ಲ ಸುರಿದೆ. ಅವನು ತಲೆಯಾಡಿಸುತ್ತ, "ಸಾ ಎಲ್ಲಾನೂ ತಿಳ್ಕೊಂಡೇ ಬಂದವ್ರೆ" ಎಂದ. ನಾನು ಉಬ್ಬಿದೆ.

ಅವ್ವ ಅವನ ತೋಳು ಮುಟ್ಟಿ, "ಇಲ್ಲಿ ಒಳ್ಗೆ ನೋಡಿದ್ರೆ ಆಯ್ತದಾ? ಒಸಿ ಆಚ್ಗೆ ತಕ್ಕಂಡು ಬಾಪ್ಪ, ಬಿಸ್ಲಲ್ಲಿ ನೋಡನ" ಎಂದಳು.

"ಅಜ್ಜಿ, ಇದು ಸೀರೆ ಅಲ್ಲ ಕಣಜ್ಜಿ, ಟೀವಿ."

"ಟೀವಿ ಆದ್ರೇನು? ನಮ್ಮನೇಲಿ ಇರಾದು ಬಿಸ್ಲೇ ತಾನೆ?"

ನಾನು ನಾಚಿಕೆಯಿಂದ ಫ್ಯಾನಿನ ರೆಕ್ಕೆ ಎಣಿಸತೊಡಗಿದೆ. ಆದರೆ ಆ ಪುಣ್ಯಾತ್ಮ ಒಂದು ಕ್ಷಣ ಯೋಚಿಸಿದ. ಎರಡು ಟೀವಿಗಳನ್ನು ಚಕ್ರದ ಸ್ಟ್ಯಾಂಡಿನ ಮೇಲೆ ಇಟ್ಟು, ಉದ್ದನೆಯ ವಯರು ಎಳೆದು, ಬಾಗಿಲ ಬಿಸಿಲಿಗೆ ತಳ್ಳಿಕೊಂಡು ಬಂದ. ಒಂದು ಹೊಳೆಯುವ ಪರದೆಯದು, ಇನ್ನೊಂದು ಮಾಸಲು. ಹೊಳೆಯುವುದರಲ್ಲಿ ಮೀನು ಮಾಯವಾಯಿತು. ಮಾಸಲಿನಲ್ಲಿ ಮೀನು ಒಳಗಿದ್ದಂತೆಯೇ ಈಜುತ್ತಿತ್ತು. "ಎಂಟು ವರ್ಸದಿಂದ ಮಾರ್ತಾ ಇವ್ನಿ ಸಾ, ಇಂಗೆ ಯಾರೂ ನೋಡಿರ್ನಿಲ್ಲ" ಎಂದು ಅವನೇ ಬೆರಗಾದ. ಒಂದು ವಾರ ನಾನು ಓದಿ ತಿಳಿದದ್ದನ್ನು ಅವ್ವ ಅರ್ಧ ನಿಮಿಷದಲ್ಲಿ ತೋರಿಸಿಬಿಟ್ಟಳು.

"ನೋಡಿದ್ರಾ ಅತ್ತೆ? ಇದೇ ಸರಿ" ಎಂದು ಸುಮಿತ್ರ ಮಾಸಲನ್ನು ತೋರಿಸಿದಳು.

ಅವ್ವ, "ಎಲ್ಡನ್ನೂ ಬಂದ್ ಮಾಡಪ್ಪ" ಎಂದಳು. ಅವನು ಆರಿಸಿದ. ಬೀದಿಗೆ ಬೆನ್ನು ಮಾಡಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಹೊಳೆಯುವುದರ ಕಡೆ ಬೆರಳು ಮಾಡಿದಳು.

"ಇದ್ನೇ ತಕ್ಕೋ."

"ಅದ್ರಲ್ಲಿ ಚಿತ್ರಾನೇ ಕಾಣಲ್ವಲ್ಲ ಅತ್ತೆ!"

"ಇದ್ರಲ್ಲಿ ಬೀದಿ ಕಾಣ್ತದಲ್ಲ. ಅದ್ರಲ್ಲಿ ಬೀದಿ ಕಾಣಾಕಿಲ್ಲ. ಬ್ಯಾಡ."

ಮುದುಕಿಗೆ ಬಿಸಿಲು ತಲೆಗೇರಿತೇನೋ ಎಂದುಕೊಂಡು ನಾನು ಅವಳ ಕುರ್ಚಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಅವಳ ತಲೆಯ ಎತ್ತರದಿಂದ ನೋಡಿದೆ. ಆರಿಸಿದ್ದ ಆ ಕಪ್ಪು ಗಾಜಿನಲ್ಲಿ ಹಾಸನದ ಬೀದಿ ಅಚ್ಚುಕಟ್ಟಾಗಿ ಓಡಾಡುತ್ತಿತ್ತು. ಆಟೋ ಹೋಯಿತು. ಎಳನೀರಿನ ಗಾಡಿ ಹೋಯಿತು. ಕೈಯಲ್ಲಿ ಚೀಲ ಹಿಡಿದ ಹೆಂಗಸೊಬ್ಬಳು ನಿಧಾನವಾಗಿ ನಡೆದು ಹೋದಳು. ಅವಳು ಗಾಜಿನ ಈ ಅಂಚಿನಿಂದ ಆ ಅಂಚಿಗೆ ಹೋಗುವವರೆಗೂ ಅವ್ವನ ತಲೆ ಅವಳ ಹಿಂದೆಯೇ ತಿರುಗಿತು.

ಆಗ ನನಗೆ ಹೊಳೆಯಿತು. ಏಳೂವರೆಗೆ ಕೂರುವುದು, ಟೀವಿ ಬೇಡವೆನ್ನುವುದು, ಎಂಟು ದಾಟಿದ ಮೇಲೆ ಎದ್ದು ಹೋಗುವುದು. ಮುಖ ನೋಡುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದ್ದಳಲ್ಲ, ಅದಕ್ಕೆ ತಿರುಗಿ ನೋಡುವ ಹಾಗಿರಲಿಲ್ಲ. ಬೆನ್ನು ಮಾಡಿಕೊಂಡೇ ತಂಗಿಯನ್ನು ಟೀವಿಯ ಗಾಜಿನಲ್ಲಿ ನೋಡುತ್ತಿದ್ದಳು. ದಿನಕ್ಕೊಂದು ಸಲ, ಕ್ಯಾನು ಹಿಡಿದು ಕಿಟಕಿ ದಾಟುವಷ್ಟು ಹೊತ್ತು. ನನ್ನ ಕಣ್ಣು ತುಂಬಿ ಬಂತು. ಹಾಸನದ ನಡುಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅಳುವ ಗಿರಾಕಿಯನ್ನು ಕಂಡು ದುದ್ದದವನು, "ಸಾ, ರೇಟು ಒಸಿ ಕಮ್ಮಿ ಮಾಡ್ಸನ ಬುಡಿ" ಎಂದ.

ಟೀವಿ ಕೊಳ್ಳದೆ ವಾಪಸು ಬಂದೆವು. ದಾರಿಯುದ್ದಕ್ಕೂ ನಾನು ಆಡಬೇಕಾದ ಮಾತನ್ನು ಬಾಯಲ್ಲೇ ತಿರುಗಿಸುತ್ತ ಕೂತಿದ್ದೆ.

ಮಾರನೆಯ ಬೆಳಗ್ಗೆ ಅವ್ವ ಕುರ್ಚಿಗೆ ಬರುವ ಮೊದಲೇ ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆಯ ಆ ಸೀರೆಯನ್ನು ಬಿಡಿಸಿ, ಅವ್ವ ಬಂದ ಕೂಡಲೇ ಕಿಟಕಿಯ ಬಿಸಿಲಿಗೆ ಹಿಡಿದೆ. ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಅದು ನೆಲಕ್ಕೆ ಇಳಿಬಿದ್ದಿತ್ತು.

ಅವ್ವ ಹತ್ತಿರ ಬಂದಳು. ಸೆರಗನ್ನು ಬೆರಳುಗಳ ನಡುವೆ ಹಿಡಿದಳು.

"ನೀಲಿ" ಎಂದಳು.

"ನೀಲಿ ಕಣವ್ವ."

"ಅವತ್ತೂ ನೀಲೀನಾ?"

"ಅವತ್ತೂ ನೀಲೀನೇ. ನಿನ್ ಕಣ್ಗೆ ಪೊರೆ ಬಂದಿತ್ತು."

"ನಿಂಗೆ ಕಾಣ್ತಿತ್ತಾ?"

ಬೆಳಕಿನ ಮೇಲೆ ನಿಂತಿರ್ತದೆ ಎನ್ನಲು ಈ ಸಲ ಧೈರ್ಯವಾಗಲಿಲ್ಲ. "ಕಾಣ್ತಿತ್ತು ಅವ್ವ. ನಂದು ತಪ್ಪಾಯ್ತು" ಎಂದೆ. ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಾಗಿತ್ತು. ಸೀರೆಯನ್ನು ನನ್ನ ಕೈಯಿಂದ ಎಳೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎಂಟಕ್ಕೆ ಐದು ನಿಮಿಷವಿರುವಾಗ ನೀಲಿ ಸೀರೆ ಉಟ್ಟು ಹೊರಗೆ ಬಂದಳು. ಮಡಿಕೆಯ ಗೆರೆಗಳು ಹಾಗೇ ಇದ್ದವು. ಕುರ್ಚಿಯ ಕಡೆ ನೋಡಲೂ ಇಲ್ಲ. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಗೇಟಿನ ಹತ್ತಿರ ಹೋಗಿ ನಿಂತಳು. ನಾನು ಮೆಟ್ಟಿಲ ಮೇಲೆಯೇ ನಿಂತೆ.

ಚಿಕ್ಕವ್ವ ಕ್ಯಾನು ಹಿಡಿದು ಬಂದಳು. ದೂರದಿಂದಲೇ ಸೀರೆ ನೋಡಿದಳು. ನಡಿಗೆ ಸಣ್ಣದಾಯಿತು. ಗೇಟಿನ ಮುಂದೆ ನಿಂತಳು. ಅವ್ವ ಸೆರಗನ್ನು ಎತ್ತಿ ಬಿಸಿಲಿಗೆ ಹಿಡಿದಳು.

"ನೀಲಿ ಕಣೆ ಸಾಕಿ."

"ಅದ್ನೇ ನಾನೂ ಯೋಳಿದ್ದು."

"ಕಣ್ಗೆ ಪೊರೆ ಬಂದಿತ್ತಂತೆ ಕಣೆ ನಂಗೆ."

ಚಿಕ್ಕವ್ವ ಕ್ಯಾನು ನೆಲಕ್ಕಿಟ್ಟು ಸೆರಗಿನ ತುದಿ ಹಿಡಿದುಕೊಂಡಳು. ಇಬ್ಬರ ಕಣ್ಣಲ್ಲೂ ನೀರು. ಆಮೇಲೆ ಅವಳು ಅಕ್ಕನ ಭುಜದ ಮೇಲಿಂದ ನನ್ನನ್ನು ನೋಡಿದಳು.

"ನಿನ್ ಕಣ್ಗೆ ಪೊರೆ ಬಂದಿತ್ತು, ಸರಿ. ಆ ಮೇಷ್ಟ್ರಿಗೆ ಏನ್ ಬಂದಿತ್ತು?"

ಅವ್ವನೇ, "ಅವ್ನು ನಂಗೆ ಎದ್ರುಕೊಂಡಿದ್ದ ಕಣೆ, ಬುಡು" ಎಂದು ಗೇಟು ತೆಗೆದಳು. ಆ ದಿನ ಚಿಕ್ಕವ್ವ ನಮ್ಮ ಮನೆಯಲ್ಲಿ ರೊಟ್ಟಿ ತಿಂದಳು. ಮನೆ ಒಕ್ಕಲಿನ ಊಟ ಅವಳಿಗೆ ಅವತ್ತು ಸಂದಿತು. ನನ್ನ ಜೊತೆ ಮಾತ್ರ ಒಂದು ವಾರ ನೆಟ್ಟಗೆ ಮಾತಾಡಲಿಲ್ಲ. ಅಷ್ಟು ನನಗೆ ಸಲ್ಲಬೇಕಾದ್ದೇ.

ಮುಂದಿನ ಶನಿವಾರ ನಾಲ್ವರೂ ಹಾಸನಕ್ಕೆ ಹೋದೆವು. ದುದ್ದದವನು ನಮ್ಮನ್ನು ಕಂಡವನೇ ಏನೂ ಕೇಳದೆ ಟೀವಿಗಳನ್ನು ಬಾಗಿಲ ಬಿಸಿಲಿಗೆ ತಳ್ಳಿಕೊಂಡು ಬಂದ. ಅಕ್ಕತಂಗಿಯರು ಅಕ್ಕಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಮೀನಿನ ಬಣ್ಣ ಸರಿಯಿದೆಯೇ, ಹೂವಿನ ಕೆಂಪು ಜಾಸ್ತಿಯಾಯಿತೇ ಎಂದು ಅರ್ಧ ಗಂಟೆ ವಾದ ಮಾಡಿದರು. ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ. ಕೊನೆಗೆ ಅವ್ವ ಮಾಸಲು ಪರದೆಯದನ್ನು ತೋರಿಸಿದಳು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಬಗ್ಗಿ, "ಅವ್ವ, ಇದ್ರಲ್ಲಿ ಬೀದಿ ಕಾಣಲ್ಲ, ಪರವಾಗಿಲ್ವಾ?" ಎಂದು ಕೇಳಿದೆ.

ಅವ್ವ ಪಕ್ಕದ ಕುರ್ಚಿಯ ಕಡೆ ನೋಡಿದಳು.

"ಬೀದೀಲಿ ಇನ್ಯಾರವ್ರೆ ಬುಡ್ಲಾ" ಎಂದಳು.